ಸಾವಕಾಶದ ಎಸ್

ಸುಜಾತಾ ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಎದುರಿಗಿದ್ದವರು ಹತ್ತು ಮಾತು ಹೇಳಲಿ, ಹನ್ನೆರಡು ಹೇಳಲಿ, ನಡುವೆ ಬಾಯಿ ಹಾಕುತ್ತಿರಲಿಲ್ಲ. ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತಾ ಒಂದೊಂದನ್ನೂ ಎಣಿಸಿಕೊಂಡು, ಎಲ್ಲ ಮುಗಿದ ಮೇಲೆ ಏಳುತ್ತಿದ್ದಳು. ತಾಂಡೂರಿನ ನಮ್ಮ ಓಣಿಯಲ್ಲಿ ಇದನ್ನು ಸೊಕ್ಕು ಎಂದವರಿದ್ದಾರೆ. ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಬೆಳೆದ ನನಗೆ ಮಾತ್ರ ಅದು ಗುಡ್ ಮ್ಯಾನರ್ಸ್ ಅನ್ನಿಸಿತ್ತು.

ಅವಳು ಸಿರ್ಗಾಪುರದವಳು, ಕೂಲಿ ಮಾಡುವವರ ಮನೆಯವಳು, ಮೂವತ್ತು ದಾಟಿದವಳು. ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದು, ಇಲ್ಲಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹಂಗಾಮಿ ಕೆಲಸ ಮಾಡುತ್ತಿದ್ದಳು. ಸಿ ಪ್ರೋಗ್ರಾಮಿಂಗ್ ಅವಳಿಗೆ ಅಡಿಗೆ ಇದ್ದ ಹಾಗೆ. ಪಾತ್ರೆ ಸಪ್ಪಳವಿಲ್ಲದೆ ಮುಗಿಸುವಳು.

ಆಯುಷ್ಯವೆಲ್ಲ ಇಂಗ್ಲಿಷ್ ಕಲಿಸಿದ ನನಗೆ ಗ್ಲಾಕೋಮಾ ಬಂದು ಅಕ್ಷರ ಕಾಣದಂತಾಯಿತು. ಕಂಪ್ಯೂಟರಿನಲ್ಲಿ ಮೌಸಿನ ಬಾಣ ಎಲ್ಲಿದೆಯೋ ಹುಡುಕಿ ಸಾಕಾಗಿ, ಒಂದು ದಿನ ಅವಳ ಮುಂದೆ ಅತ್ತುಬಿಟ್ಟೆ.

"ಬಾಣ ಯಾಕ್ ಬೇಕ್ರಿ ಮೇಡಂ? ನಿಮಗ ಟೈಪಿಂಗ್ ಬರ್ತದಲ್ಲ. ಒಂದು ಸಾಲು ಹೊಡೀರಿ ಸಾಕು, ಅದು ಓದಿ ಹೇಳಬೇಕು, ಹಂಗ ಮಾಡ್ತೀನಿ."

ಎಂಟು ದಿನದಲ್ಲಿ ಮಾಡಿದಳು. ಹೆಸರು ‘ಓದು’. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಓದೂ ಹೌದು, ಓಡೂ ಹೌದು.

"ಓದು ಅಂದರೆ ಓಡಿಹೋದೀತೇನೇ?" ಎಂದೆ.

"ಓಡಿದ್ರ ಹಿಡ್ಕೊಂಡು ಬರ್ತೀನ್ರಿ, ನಿಮ್ಮ ಗ್ರಾಮರ್ ಕ್ಲಾಸ್ ತಪ್ಪಿಸಿದ ಹುಡುಗರನ್ನ ತಂದಂಗ."

ಹೆಸರಿನ ಮುಂದೆ ಒಂದು ಅಡ್ಡಗೆರೆ, ಒಂದು ಅಕ್ಷರ. ಕನ್ನಡಕ್ಕೆ ಕೆ, ತೆಲುಗಿಗೆ ಟಿ, ಇಂಗ್ಲಿಷಿಗೆ ಇ. ಓದುವ ಗತಿಗೆ ಎಸ್ ಹೊಡೆದು ಒಂದರಿಂದ ಒಂಬತ್ತರೊಳಗೆ ಒಂದು ಅಂಕಿ; ಇವಕ್ಕೆಲ್ಲ ಅವಳು ಆಪ್ಶನ್ ಎನ್ನುತ್ತಿದ್ದಳು. ಯಾವುದು ಮೊದಲು ಹೇಳಬೇಕು ಎಂದು ಕೇಳಿದೆ.

"ಹಿಂದ ಮುಂದ ಹ್ಯಾಂಗರ ಹೇಳ್ರಿ. ಎಲ್ಲಾ ಕೇಳ್ಕೊಂಡು ಮಸಾಲಿ ಡಬ್ಬಿಯಾಗ ಅದರದರ ಬಟ್ಟಲಕ್ಕ ಹಾಕಿ ಇಡ್ತೀನಿ. ಆ ಡಬ್ಬಿಗೇ ಸ್ಟ್ರಕ್ಚರ್ ಅಂತಾರ. ಡಬ್ಬಿ ತುಂಬಿದ ಮ್ಯಾಲೇ ಒಲಿ ಹಚ್ಚೋದು."

"ನಾನೊಂದು ಹೇಳುವುದು ಮರೆತರೆ?"

"ಬಟ್ಟಲ ಹಂಗ ಬಿಡಬಾರದ್ರಿ. ಖಾಲಿ ಅದ ಅಂತ ನಾವು ಅನ್ಕೋತೀವಿ, ಒಳಗ ಹಿಂದಿನವರ ಹೊಲಸು ಇರ್ತದ. ಮೊದಲ ತೊಳೆದು, ನಮ್ಮ ಕಡಿಂದ ಒಂದು ಚಿಟಿಕಿ ಹಾಕಿ ಇಡಬೇಕು."

ಮೊದಲ ದಿನ ನಾನು ಎಸ್ ಒಂಬತ್ತು ಹೊಡೆದೆ. ಯಂತ್ರ ಹುಚ್ಚು ಹಿಡಿದಂತೆ ಬಡಬಡಿಸಿತು; ಒಂದು ಶಬ್ದ ತಿಳಿಯಲಿಲ್ಲ. ಸುಜಾತಾ ಮೇಲಿನಿಂದ ಓಡಿ ಬಂದಳು.

"ಒಂಬತ್ತು ಯಾಕ್ ಹೊಡೆದ್ರಿ?"

"ಎಸ್ ಅಂದರೆ ಸಾವಕಾಶ ಅಲ್ಲವೇ? ಬಹಳ ಸಾವಕಾಶ ಬೇಕಿತ್ತು."

ಅವಳು ನೆಲದ ಮೇಲೆ ಕೂತು ನಕ್ಕಳು. "ಅದು ಸ್ಪೀಡ್ ರೀ! ನಾ ನಿಮಗಂತ ಇಂಗ್ಲಿಷ್ನಾಗ ಇಟ್ಟೀನಿ, ನೀವು ನಮ್ಮ ಮಾತಿನಾಗ ತಿಳಕೊಂಡೀರಿ."

ಮರುದಿನ ಅದನ್ನು ಸಾವಕಾಶದ ಎಸ್ ಮಾಡಿಕೊಟ್ಟಳು. ಇಡೀ ಪ್ರಪಂಚದಲ್ಲಿ ಅಂಥ ಎಸ್ ಇನ್ನೊಂದು ಇರಲಿಕ್ಕಿಲ್ಲ.

ಅದೇ ವರ್ಷ ಕಾಲೇಜಿನಲ್ಲಿ ಅವಳ ಜಾಗ ಪರ್ಮನೆಂಟ್ ಆಗುವುದಿತ್ತು, ಇಂಟರ್‌ವ್ಯೂ ಇಂಗ್ಲಿಷಿನಲ್ಲಿ. ಸಿಕ್ಕರೆ ಅವ್ವನ ಕೂಲಿ ಬಿಡಿಸಿ ಇಲ್ಲಿಗೆ ಕರೆದುಕೊಂಡು ಬರುತ್ತೇನೆ ಎನ್ನುತ್ತಿದ್ದಳು. ಬೇರೆ ಆಸೆ ಅವಳಿಗಿರಲಿಲ್ಲ. ನಾನು ಋಣ ತೀರಿಸುವ ಉತ್ಸಾಹದಲ್ಲಿ ಕಲಿಸಲು ಕೂತೆ.

ನನಗೆ ಒಂದೇ ರೀತಿ ಗೊತ್ತು, ಸಿಸ್ಟರ್‌ಗಳ ರೀತಿ. ಪ್ರತಿ ವಾಕ್ಯದಲ್ಲೂ ತಪ್ಪು ಹಿಡಿದೆ. ಇಂಗ್ಲಿಷಿನಲ್ಲಿ ನಾಮಪದಕ್ಕೆ ಮೊದಲು ಬರುವ, ನಮ್ಮ ಭಾಷೆಯಲ್ಲಿ ಇಲ್ಲದ ಆ ‘ಎ’, ಆ ‘ದ’, ಅವಳ ಬಾಯಲ್ಲಿ ಯಾವಾಗಲೂ ಬಿಟ್ಟುಹೋಗುತ್ತಿದ್ದವು. "‘ಎ’ ಆರ್ ‘ದ’? ಥಿಂಕ್ ಬಿಫೋರ್ ಯು ಸ್ಪೀಕ್." ಮೊದಮೊದಲು ಪಟಪಟ ಮಾತಾಡುತ್ತಿದ್ದವಳು ಬರಬರುತ್ತಾ ಪ್ರತಿ ನಾಮಪದಕ್ಕೂ ಮೊದಲು ನಿಲ್ಲತೊಡಗಿದಳು. ಆ ನಿಲ್ಲುವಿಕೆ ಕೇಳಿ ನಾನು ಸಂತೋಷಪಟ್ಟೆ. ಈಗ ಯೋಚನೆ ಮಾಡುತ್ತಿದ್ದಾಳೆ, ಪ್ರೋಗ್ರೆಸ್, ಅಂದುಕೊಂಡೆ.

ಇಂಟರ್‌ವ್ಯೂ ಮುಗಿಸಿ ಬಂದವಳು ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತಳು.

"ಏನು ಕೇಳಿದರು?"

"ಪ್ರೋಗ್ರಾಮಿಗೆ ಕೊಟ್ಟ ಆಪ್ಶನ್ ಹ್ಯಾಂಗ ತಗೋತೀರಿ ಅಂತ."

"ಅಷ್ಟೇನಾ? ಅದು ನಿನ್ನ ನಿತ್ಯದ ಊಟ."

"ವಿ ಪುಟ್ ದಿ ಆಪ್ಶನ್ಸ್ ಇನ್‌ಟು, ಅಂದೆ. ನಿಂತೆ. ಸ್ಟ್ರಕ್ಚರ್ ಮುಂದ ಯಾವುದು ಬರ್ತದ ಅಂತ ನೋಡ್ಲಿಕ್ಹತ್ತಿದೆ. ಅವರೂ ಕಾದ್ರು. ಕಾದು ಕಾದು, ಇವರಿಗೆ ವಿಷಯಾನೇ ಗೊತ್ತಿಲ್ಲ ಅಂದ್ರು. ಆತು, ಕಳಿಸಿದ್ರು."

ಆ ಜಾಗ ಬೇರೆಯವರಿಗಾಯಿತು. ಹಂಗಾಮಿ ಕೆಲಸವೂ ಹೋಯಿತು. ಈಗ ಅವ್ವನ ಜೊತೆ ತೊಗರಿ ಹೊಲದಲ್ಲಿ ಕೂಲಿಗೆ ಹೋಗುತ್ತಾಳಂತೆ. ಆ ಕಡೆಯಿಂದ ಬಂದವರು ಹೇಳಿದರು. ನಾನು ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೆ ಏನು ಹೇಳಲಿ, ಅದೂ ಗೊತ್ತಿಲ್ಲ.

ಹೊರಡುವ ದಿನ ಕೋಣೆಯ ಕೀಲಿಕೈ ಕೊಡಲು ಬಂದಿದ್ದಳು. ನನ್ನ ಅಂಗೈಯಲ್ಲಿ ಇಟ್ಟು, ಬೆರಳು ಮಡಚಿದಳು. ಹೋಗಲಿಲ್ಲ.

"ಒಂದು ಕೇಳ್ತೀನ್ರಿ ಮೇಡಂ. ಅಲ್ಲಿ, ಸ್ಟ್ರಕ್ಚರ್ ಮುಂದ, ಎ ಬರ್ತಿತ್ತೋ, ದ ಬರ್ತಿತ್ತೋ?"

ಸುಳ್ಳು ಹೇಳಬಹುದಿತ್ತು. ಯಾವುದೋ ಒಂದನ್ನು ಹೆಸರಿಸಿದ್ದರೆ, ತನಗೆ ಗೊತ್ತಿರಲಿಲ್ಲ ಎಂದುಕೊಂಡಾದರೂ ಅವಳು ಬಸ್ಸು ಹತ್ತುತ್ತಿದ್ದಳು. ಟೀಚರ್ ಬುದ್ಧಿ ನನ್ನದು, ನಿಜವೇ ಬಾಯಿಗೆ ಬಂತು.

"ಎರಡೂ ನಡೀತಿತ್ತು," ಎಂದೆ.

ಅವಳ ಮುಖ ಹೇಗಾಯಿತೋ ನನಗೆ ತಿಳಿಯದು. ಅವಳು ನಿಂತಿದ್ದ ಕಡೆ ಒಂದಿಷ್ಟು ಮಸುಕಿತ್ತು, ಆಮೇಲೆ ಅದೂ ಇರಲಿಲ್ಲ.