ನಾಲ್ಕನೇ ದಿಕ್ಕಿನ ಚರಗ

ಸಮುದ್ರ ಮುಟ್ಟಬೇಕು ಅಂತ ನಮ್ಮವ್ವ ಹೇಳಿದ್ದು ಒಂದೇ ಸಲ. ಇಂಗಳೇಶ್ವರದ ಹೊಲದಲ್ಲಿ ಕಡಲೆ ಕೀಳುತ್ತಿದ್ದವಳು ಸೊಂಟ ನೆಟ್ಟಗೆ ಮಾಡುತ್ತ, "ಸಾಯೂದ್ರೊಳಗ ಒಮ್ಮೆ ಆ ನೀರಾಗ ಕಾಲಿಡಬೇಕು ನೋಡ" ಅಂದಿದ್ದಳು. ಅವಳು ಮರೆತಿರಬಹುದು, ನಾನು ಮರೆಯಲಿಲ್ಲ. ಮನಗೂಳಿಯಲ್ಲಿ ನಾನು ಕಲಿಸುವ ಶಾಲೆಗೆ ಸೂಟಿ ಸಿಕ್ಕಿದ್ದೇ ತಡ, ಅವ್ವನನ್ನು ಬಸ್ಸು ಹತ್ತಿಸಿ ಗೋಕರ್ಣದ ಕಡೆ ಹೊರಟೆ.

ಊರ ದಂಡೆಯ ಗದ್ದಲ ಬೇಡವೆಂದು ಗುಡ್ಡ ದಾಟಿದರೆ ಸಿಗುವ ಸಣ್ಣ ದಂಡೆಗೆ ಕರೆದುಕೊಂಡು ಹೋದೆ. ಮೂರು ಕಡೆ ಕಪ್ಪು ಬಂಡೆ, ನಡುವೆ ನಮ್ಮ ಕಣದಷ್ಟು ಮರಳು, ಎದುರಿಗೆ ಬರೀ ನೀರು. ಒಂದು ನರಪಿಳ್ಳೆ ಇಲ್ಲ. ಕುಣಿಯುವಷ್ಟು ಖುಷಿಯಾಗಿ ಚಪ್ಪಲಿ ಎಸೆದು ಓಡಿದೆ. ತಿರುಗಿ ನೋಡಿದರೆ ಅವ್ವ ರೊಟ್ಟಿಗಂಟು ತಬ್ಬಿಕೊಂಡು ಬಂಡೆಯ ಮೇಲೆ ಕೂತಿದ್ದಾಳೆ.

"ಬಾ ಬೇ ಯವ್ವ!"

"ತಡಿ, ನೀರು ಸುಮ್ಮನಾಗಲಿ."

ಎಮ್ಮೆ ಎದ್ದು ಹೋದ ಮೇಲೆ ಕೆರೆ ತಿಳಿಯಾಗಲೆಂದು ಕಾಯುತ್ತಾಳಲ್ಲ, ಹಾಗೆ ಕಾಯುತ್ತಿದ್ದಳು. ಅರ್ಧ ತಾಸಾಯಿತು.

"ಇದು ಸುಮ್ಮನಾಗೂದಲ್ಲ ಬೇ."

"ಹಂಗಾರ ನಾ ಒಲ್ಲೆ. ಕಣ್ಲೆ ನೋಡೇನಲ್ಲ, ಸಾಕು."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದೂರ ಬಂದು ಹತ್ತು ಹೆಜ್ಜೆಗೆ ಹೆದರುವುದೇ? ಬಾಯಿಗೆ ಬಂದದ್ದು ಅಂದೆ. ಅವಳು ಜಗ್ಗಲಿಲ್ಲ, ಉಣ್ಣೋಣ ಅಂತ ಗಂಟು ಬಿಚ್ಚಿದಳು.

ಅವಳು ಸಿಕ್ಕಿಬಿದ್ದದ್ದು ಇಲ್ಲೇ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ನಮ್ಮ ಕಡೆ ಹೊಲದಲ್ಲಿ ಉಣ್ಣುವ ಮುಂಚೆ ಭೂಮಿತಾಯಿಗೆ ಅಂತ ನಾಲ್ಕೂ ದಿಕ್ಕಿಗೆ ತುತ್ತು ಚೆಲ್ಲುತ್ತೇವೆ. ಅದೇ ಚರಗ. ಉಳಿದವರಿಗೆ ಅದು ವರ್ಷಕ್ಕೊಮ್ಮೆ. ನಮ್ಮವ್ವನಿಗೆ ಮಾತ್ರ ಬಯಲಲ್ಲಿ ಕೂತು ಉಂಡಾಗಲೆಲ್ಲ ಆಗಲೇಬೇಕು.

ರೊಟ್ಟಿ ಚೂರಿಗೆ ಬದನೆಯ ಎಣಗಾಯಿ ಹಚ್ಚಿ ಮೂರೂ ಬಂಡೆಗಳ ಕಡೆ ಎಸೆದಳು. ನಾಲ್ಕನೆಯದನ್ನು ಕೂತಲ್ಲಿಂದಲೇ ನೀರಿನತ್ತ ಎಸೆದರೆ ಗಾಳಿ ಅದನ್ನು ತಿರುಗಿ ಅವಳ ಉಡಿಗೇ ತಂದು ಹಾಕಿತು. ಇನ್ನೊಂದು ಎಸೆದಳು, ಅದು ಮರಳಿಗೆ ಬಿತ್ತು. ನಾನು ಹಸಿವು ತಾಳದೆ ರೊಟ್ಟಿಗೆ ಕೈ ಹಾಕಿದೆ. ಪಟ್ಟನೆ ಹೊಡೆದಳು.

"ಮುಟ್ಟಬ್ಯಾಡ. ಆ ದಿಕ್ಕಿನ ಚರಗ ಇನ್ನೂ ಆಗಿಲ್ಲ."

ಸೀರೆ ಎತ್ತಿ ಸಿಕ್ಕಿಸಿ, ತುತ್ತು ಹಿಡಿದು ಇಳಿದೇಬಿಟ್ಟಳು. ನಾನು ಹಿಂದೆಯೇ ಹೋದೆ. ತೆರೆ ಬಂತು. ಅವಳು ಓಡಲಿಲ್ಲ, ಬಗ್ಗಿ ಅಂಗೈ ಚಾಚಿದಳು. ನೀರು ಮೊಣಕಾಲಿಗೆ ಬಡಿದು, ಅಂಗೈ ತೊಳೆದು ಹಿಂದೆ ಸರಿಯಿತು. ತುತ್ತು ಇರಲಿಲ್ಲ.

"ಏ, ತಗೊಂತು ನೋಡ! ಕೈಯಾಗಿಂದ ತಗೊಂತು!"

ಇಷ್ಟು ವರ್ಷ ಅವಳು ಚೆಲ್ಲಿದ ಚರಗ ಕರಿಮಣ್ಣಿನ ಮೇಲೆ ಬಿದ್ದಲ್ಲೇ ಬಿದ್ದಿರುತ್ತಿತ್ತು. ಯಾರೂ ಹೀಗೆ ಎದುರು ಬಂದು ಇಸಿದುಕೊಂಡಿರಲಿಲ್ಲ. ನನಗೆ ನಗುವೂ ಬಂತು, ಅಳುವೂ ಬಂತು.

"ನಿಂತು ಏನ್ ನೋಡ್ತಿ? ಇನ್ನೊಂದು ರೊಟ್ಟಿ ತಾ!"

ಓಡಿ ಹೋಗಿ ತಂದುಕೊಟ್ಟೆ. ಆಮೇಲೆ ಇನ್ನೊಂದು. ಅವತ್ತು ಗಂಟಿನಲ್ಲಿದ್ದುದೆಲ್ಲ ಸಮುದ್ರವೇ ಉಂಡಿತು, ನಾವಿಬ್ಬರೂ ಸಂಜೆಯತನಕ ಉಪವಾಸ.