ಮಂತ್ರವರ್ತಕರ ಟವೆಲು

ನನ್ನ ಹೊಲಿಗೆ ಅಂಗಡಿಯ ಮೇಲಿನ ಕೋಣೆಯನ್ನು ಭಾನುವಾರ ಮಧ್ಯಾಹ್ನಕ್ಕೆಂದು ಬಾಡಿಗೆಗೆ ಕೊಟ್ಟಿದ್ದೆ. ಬೆಳೆದ ಮೂರು ಜನ ಅಲ್ಲಿ ಕೂತು ರಾಕ್ಷಸರನ್ನು ಕೊಲ್ಲುತ್ತಾರೆ ಎಂದು ಗೊತ್ತಾದದ್ದು ಕೊಟ್ಟ ಮೇಲೆ. ಅವರು ಮೇಜು ಗುದ್ದಿದರೆ ಕೆಳಗೆ ನನ್ನ ಮಿಷನ್ನು ಅದುರುತ್ತಿತ್ತು. ಶಿರಸಿಯಲ್ಲಿ ಬೇರೆ ಕೋಣೆ ಸಿಗಲಿಲ್ಲವಾ ಎಂದು ಬೈದು ಬರಲು ಒಂದು ದಿನ ಮೆಟ್ಟಿಲು ಹತ್ತಿದವಳು ಅಲ್ಲೇ ಕೂತುಬಿಟ್ಟೆ. ನನ್ನ ಸಿಟ್ಟಿನ ಹಣೆಬರಹವೇ ಅಷ್ಟು, ಹತ್ತುವಾಗ ಇದ್ದದ್ದು ಇಳಿಯುವಾಗ ಇರುವುದಿಲ್ಲ.

ಅದೊಂದು ಕಥೆಯ ಆಟ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಆ ಕಥೆಯೊಳಗಿನ ಪಾತ್ರಗಳು. ಏನು ಮಾಡುತ್ತೇವೆ ಎಂದು ನಾವು ಬಾಯಲ್ಲಿ ಹೇಳಬೇಕು, ಅದು ಕೈಗೂಡಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಕಥೆ ನಡೆಸುವವನು ಯಲ್ಲಾಪುರದಲ್ಲಿ ಬೈಕ್ ಸ್ಪೇರ್‌ಪಾರ್ಟ್ಸ್ ಅಂಗಡಿ ಇಟ್ಟವನು. ಕಾನಸೂರಿನಿಂದ ಬರುವ ಭಾರೀ ಆಳು ಕತ್ತಿ ಹಿಡಿದ ರಾಜ. ಆಟದ ಹೊರಗೆ ಅವನಿಗೆ ಜಿಗಣೆ ಕಂಡರೂ ಹೆದರಿಕೆ. ಬ್ಯಾಂಕಿನಲ್ಲಿ ಕೆಲಸ ಮಾಡುವ, ಬನವಾಸಿ ಕಡೆಯ ಒಬ್ಬಳು ಬಿಲ್ಲುಗಾರ್ತಿ. ಕೊನೆಗೆ ಬಂದ ನನಗೆ ಉಳಿದದ್ದು ಯಾರಿಗೂ ಬೇಡವಾಗಿದ್ದ ಪಂಗಡ. ಅವರೇ ಮಂತ್ರವರ್ತಕರು.

ಮಂತ್ರವರ್ತಕರು ಯುದ್ಧ ಮಾಡುವುದಿಲ್ಲ. ಊರಿಂದೂರಿಗೆ ಹೋಗಿ ಮಂತ್ರವಿದ್ಯೆ ಕೊಳ್ಳುತ್ತಾರೆ, ಮಾರುತ್ತಾರೆ, ಅಷ್ಟೇ. ಚಿನ್ನ ಕೊಟ್ಟರೆ ಮೂಸಿಯೂ ನೋಡುವುದಿಲ್ಲ. ವಿದ್ಯೆಗೆ ಬದಲು ವಿದ್ಯೆಯೇ ಬೇಕು: ಬೆಂಕಿ ಆರಿಸುವ ಮಂತ್ರಕ್ಕೆ ಸಣ್ಣಪುಟ್ಟ ಮೂರು ಮಂತ್ರ, ಹೀಗೆ. ಒಮ್ಮೆ ಮಾರಿದರೆ ಆ ವಿದ್ಯೆ ಅವರ ನೆನಪಿನಿಂದಲೇ ಅಳಿಸಿಹೋಗುತ್ತದೆ, ಬೇಕೆಂದರೆ ಮತ್ತೆ ಕೊಳ್ಳಬೇಕು. ಇಂಥ ಒಣ ಪಂಗಡ ಯಾರಿಗೆ ಬೇಕು ಎಂದು ಕಾನಸೂರಿನವನು ನಕ್ಕಿದ್ದ. ನನಗೋ ಮೊದಲ ದಿನವೇ ಅವರ ಮೇಲೆ ಪ್ರೀತಿ ಹುಟ್ಟಿತು. ಎರಡು ರಾಜ್ಯಗಳು ಹೊಡೆದಾಡುತ್ತಿರುವಾಗ ನಡುವೆ ಗಂಟು ಹೊತ್ತು ನಡೆದುಹೋಗಿ, ಇಬ್ಬರಿಗೂ ಬೇಕಾದದ್ದು ತಮ್ಮಲ್ಲೇ ಇದೆ ಎಂದು ಹೇಳುವ ಧೈರ್ಯ ಅವರದ್ದು. ಕೊಟ್ಟರೆ ತಮ್ಮಲ್ಲಿ ಇರುವುದಿಲ್ಲ ಎಂದು ಗೊತ್ತಿದ್ದೂ ಕೊಡುವವರು. ಅಂಥವರ ಜೊತೆ ನನ್ನನ್ನು ಸೇರಿಸಿದ್ದಕ್ಕೆ ಒಳಗೊಳಗೇ ಜಂಬವೂ ಇತ್ತು.

ಆದರೆ ಚೌಕಾಸಿ ನನಗೆ ಬಾರದ ವಿದ್ಯೆ. ಬ್ಲೌಸಿನ ಮಜೂರಿ ಕೇಳಿದವರು ಮುಖ ಸಣ್ಣ ಮಾಡುವ ಮೊದಲೇ ನಾನೇ ಇಳಿಸುವವಳು. ಆಟದಲ್ಲೂ ಅದೇ ಆಯಿತು. ಯಲ್ಲಾಪುರದವನು ಕಥೆಯೊಳಗೆ ಬಡ ಮುದುಕಿಯಾಗಿ ಬಂದು ಕಣ್ಣೀರು ಹಾಕಿದ, ನಾನು ಗಾಳಿ ತಿರುಗಿಸುವ ಮಂತ್ರವನ್ನೇ ಪುಕ್ಕಟೆ ಎತ್ತಿಕೊಟ್ಟೆ. ಮುದುಕಿ ವೇಷ ಕಳಚಿ ಶತ್ರುವಿನ ಮಂತ್ರಿಯಾದಳು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೀಗಿರುವಾಗ ಬ್ಯಾಂಕಿನವಳು ತನ್ನ ಕಾಕಾನನ್ನು ಕರೆದುಕೊಂಡು ಬಂದಳು. ಅಪ್ಪ ಇಲ್ಲದ ಅವಳನ್ನು ಸಾಕಿದವರು ಈ ಚಿಕ್ಕಪ್ಪ. ದನದ ಸಂತೆಗಳಲ್ಲಿ ದಲಾಲಿ ಮಾಡುತ್ತಿದ್ದವರು. ಸಂತೆಯ ಆ ತುದಿಯಲ್ಲಿ ನಿಂತು ಕೂಗಿದರೆ ಈ ತುದಿಯ ಎತ್ತು ಕಿವಿ ನಿಮಿರಿಸುತ್ತಿತ್ತು ಎಂದು ಅವಳು ಹೇಳುತ್ತಿದ್ದಳು. ಗಂಟಲಿಗೆ ರೋಗ ಬಂದು, ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕುತ್ತಿಗೆಗೆ ತೆಳು ಬಟ್ಟೆ ಕಟ್ಟಿಕೊಂಡು, ಹೆಗಲ ಮೇಲೆ ಕೆಂಪು ಅಂಚಿನ ಟವೆಲು ಹಾಕಿಕೊಂಡು ಬಂದರು. ಬರೆದು ತೋರಿಸುವುದು ಅವರಿಗೆ ಆಗದು. ಅಕ್ಷರ ಬರುತ್ತದೆ, ಆದರೆ ಅರ್ಧ ಬರೆಯುವಷ್ಟರಲ್ಲಿ ಎದುರಿನವರು ಉಳಿದದ್ದನ್ನು ತಾವೇ ಹೇಳಿ ಮುಗಿಸುತ್ತಾರಂತೆ. ಅದಕ್ಕೇ ಬರೆಯುವುದನ್ನೂ ಬಿಟ್ಟರು, ಮನೆಯಿಂದ ಹೊರಗೆ ಬರುವುದನ್ನೂ ಬಿಟ್ಟರು. ಹೀಗೇ ಬಿಟ್ಟರೆ ಕಾಕಾ ಕೂತಲ್ಲೇ ಮುಗಿದುಹೋಗುತ್ತಾರೆ ಎಂದು ಅವಳಿಗೆ ಭಯ. ಮಾತೇ ಆಟವಾಗಿರುವ ಕಡೆ ಮಾತಿಲ್ಲದವರನ್ನು ತಂದು ಕೂರಿಸಿದ್ದಾಳಲ್ಲ ಎಂದು ನನಗೆ ಅನಿಸಿತ್ತು.

ಕೆಲವು ವಾರ ಅವರು ಗೋಡೆ ಬದಿಯ ಬೆಂಚಿನಲ್ಲಿ ಕೂತು ನೋಡಿದರು, ಚಹಾ ಕುಡಿದರು, ಹೋದರು. ಒಂದು ದಿನ ಕಾನಸೂರಿನ ರಾಜ ನನ್ನ ಮಳೆ ತಡೆಯುವ ಮಂತ್ರವನ್ನು ಕೇಳಿದ, ನಾನು ಎಂದಿನಂತೆ ಒಂದಕ್ಕೆ ಒಂದು ಎನ್ನಲು ಬಾಯಿ ತೆರೆದೆ. ಆಗ ಬೆಂಚಿನಿಂದ ಎದ್ದು ಬಂದವರೇ ಹೆಗಲ ಟವೆಲು ತೆಗೆದು ನನ್ನ ಬಲಗೈ ಮೇಲೆ ಹಾಸಿ, ಕೆಳಗಿನಿಂದ ನನ್ನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದರು. ಹೀಗೆ ಯಾರಾದರೂ ಕೈ ಹಿಡಿದರೆ ನಾನು ಸುಮ್ಮನಿರುವವಳಲ್ಲ. ಕತ್ತರಿ ಕೆಳಗಿನ ಅಂಗಡಿಯಲ್ಲಿತ್ತು ಎನ್ನುವುದು ಅವರ ಪುಣ್ಯ.

“ಅಕ್ಕಾರ, ಗಾಬರಿ ಆಗಬ್ಯಾಡ್ರಿ,” ಅಂದಳು ಬ್ಯಾಂಕಿನವಳು. “ಕಾಕಾ ನಿಮಗ ರೇಟ್ ಹೇಳಾಕತ್ತಾರ.”

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲವಂತೆ. ಸುತ್ತ ನಿಂತವರಿಗೆ ಗೊತ್ತಾಗಬಾರದು ಎಂದು ಟವೆಲಿನ ಕೆಳಗೆ ಕೈಗೆ ಕೈ ಕೊಟ್ಟು ಮಾತಾಡುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಅರ್ಧ ಬೆರಳು ಹಿಡಿದರೆ ಅರ್ಧ. ಅಂಗೈಯನ್ನು ಗೀರಿದರೆ ಒಲ್ಲೆ ಎಂದು, ಇಡೀ ಕೈ ಅದುಮಿದರೆ ವ್ಯಾಪಾರ ಕುದುರಿತು ಎಂದು. ಎದುರಿನವನು ಬೆಲೆ ಹೇಳಿದ ಮೇಲೆ ಉತ್ತರ ಕೊಡದೆ ಕೈ ಎಳೆದುಕೊಳ್ಳುವುದು ದೊಡ್ಡ ಅವಮರ್ಯಾದೆ. ಅವರು ನನ್ನ ನಾಲ್ಕು ಬೆರಳು ಹಿಡಿದಿದ್ದರು. ನಾನು ರಾಜನಿಗೆ ನಾಲ್ಕು ಮಂತ್ರ ಎಂದೆ. ಅವನು ಬೊಬ್ಬೆ ಹಾಕಿದ, ಎದ್ದು ನಿಂತ, ಮತ್ತೆ ಕೂತ, ಕೊನೆಗೆ ನಾಲ್ಕೂ ಕೊಟ್ಟ.

ಅವತ್ತಿನಿಂದ ಅವರೂ ಮಂತ್ರವರ್ತಕರಾದರು. ತಮ್ಮ ಪಾತ್ರಕ್ಕೂ ಮಾತು ಬೇಡ ಎಂದು ಸನ್ನೆಯಲ್ಲೇ ತಿಳಿಸಿದರು. ಅವರ ಕೈಯಲ್ಲಿ ನಮ್ಮ ಪಂಗಡದ ಗತ್ತೇ ಬೇರೆಯಾಯಿತು. ಕೊಳ್ಳುವವನ ಮುಖವನ್ನು ಅವರು ನೋಡುತ್ತಲೇ ಇರಲಿಲ್ಲ, ಕಾಲು ನೋಡುತ್ತಿದ್ದರು. ಬೇಕೇ ಬೇಕು ಅನ್ನುವವನ ಕಾಲು ಮೇಜಿನ ಕೆಳಗೆ ಕುಣಿಯುತ್ತದೆ. ಯಲ್ಲಾಪುರದವನು ಮುದುಕಿಯಾಗಿ ಬರಲಿ, ದೇವತೆಯಾಗಿ ಬರಲಿ, ಅವರು ಅಂಗೈ ಗೀರಿ ಕಳಿಸುತ್ತಿದ್ದರು. ಕಥೆ ನಡೆಸುವವನೇ ಹೆದರಿ ರಾತ್ರಿಯೆಲ್ಲ ಲೆಕ್ಕ ಹಾಕಿಕೊಂಡು ಬರಬೇಕಾಯಿತು. ನನಗಂತೂ ಅವರ ಪಕ್ಕ ಕೂರುವುದೇ ಒಂದು ಸಂಭ್ರಮ. ಅಂಗಡಿಯಲ್ಲೂ ಮಜೂರಿ ಇಳಿಸುವುದನ್ನು ನಿಲ್ಲಿಸಿದೆ.

ಬಿಲ್ಲುಗಾರ್ತಿ ಮಾತ್ರ ನಮ್ಮ ಟವೆಲನ್ನೇ ನೋಡುತ್ತಿದ್ದಳು. ಒಮ್ಮೆ ಚಹಾದ ಲೋಟ ತೊಳೆಯುತ್ತಾ ಹೇಳಿದಳು, ಸಣ್ಣವಳಿದ್ದಾಗ ತನಗೂ ಕಲಿಸು ಎಂದು ಕಾಕಾನ ಬೆನ್ನು ಬಿದ್ದಿದ್ದಳಂತೆ. ಹೆಣ್ಣುಮಕ್ಕಳಿಗೆ ಸಂತೆಯ ವಿದ್ಯೆ ಯಾಕೆ ಎಂದು ನಕ್ಕು ಸುಮ್ಮನಾಗಿದ್ದರಂತೆ. ಈಗ ಹೊರಗಿನವಳಾದ ನನಗೆ ಕಲಿಸಿದ್ದಾರೆ. ಅವಳ ದನಿಯಲ್ಲಿ ದೂರು ಇರಲಿಲ್ಲ, ಆದರೂ ನನಗೆ ಚುರುಕ್ ಎಂದಿತು.

ಆಮೇಲೆ ನಾವೆಲ್ಲ ಸೇರಿ ಒಂದು ಒಳ್ಳೆಯ ಕೆಲಸ ಮಾಡಲು ಹೋದೆವು. ಕಾಕಾನ ಪಾತ್ರಕ್ಕೆ ಮಾತು ಬಂದರೆ ಎಷ್ಟು ಚೆಂದ ಎಂದು ಕಾನಸೂರಿನವನು ಮಾತು ತೆಗೆದ. ಅವರಿಗೆ ತಿಳಿಯದ ಹಾಗೆ ನಾವು ನಾಲ್ವರೂ ಮಾತಾಡಿಕೊಂಡೆವು. ಮುಂದಿನ ಭಾನುವಾರ ಕಥೆಯೊಳಗೆ ಧ್ವನಿಮಂತ್ರ ಮಾರಾಟಕ್ಕೆ ಬಂತು: ಮೂಕರಿಗೆ ಮಾತು ಕೊಡುವ, ಇಡೀ ರಾಜ್ಯದಲ್ಲಿ ಒಂದೇ ಒಂದಿರುವ ಮಂತ್ರ. ಬೆಲೆ ಮುಟ್ಟಿಸುವ ಕೆಲಸ ನನ್ನದು. ನಾನು ಟವೆಲಿನ ಕೆಳಗೆ ಅವರ ಒಂದೇ ಒಂದು ಬೆರಳು ಹಿಡಿದೆ. ಹಬ್ಬಕ್ಕೆ ಮಕ್ಕಳ ಕೈಗೆ ಏನೋ ಇಡುವ ಹಾಗೆ ನಾವೆಲ್ಲ ಮುಖ ಅರಳಿಸಿಕೊಂಡು ಕೂತಿದ್ದೆವು.

ಅವರು ನನ್ನ ಮುಖ ನೋಡಿದರು. ಉಳಿದವರ ಮುಖವನ್ನೂ ಒಂದು ಸುತ್ತು ನೋಡಿದರು. ಕೈ ಎಳೆದುಕೊಂಡು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು.

ಕಾನಸೂರಿನವನು “ಎಂತ ಆತು? ನಂಗೊಂದೂ ಗೊತ್ತಾಜಿಲ್ಲೆ” ಎಂದು ನನ್ನನ್ನೇ ಕೇಳಿದ. ಉತ್ತರ ಹೇಳಿದವಳು ಬ್ಯಾಂಕಿನವಳು. “ಅಷ್ಟ ಅಗ್ಗ ಬಂತಂದ್ರ ಎತ್ತಿಗೆ ಏನರ ರೋಗ ಇರತೈತಿ. ಇಲ್ಲಾ, ಕೊಳ್ಳಾಂವ ಭಿಕ್ಷಾಕ್ಕ ನಿಂತಾನಂತ ತಿಳದಿರತಾರ. ಕಾಕಾ ಜವಾಬು ಕೊಡದ ಕೈ ಎಳಕೊಂಡದ್ದು ನಾ ಯಾವತ್ತೂ ನೋಡಿಲ್ಲ.”

ಮುಂದಿನ ಭಾನುವಾರ ಅವರು ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಮನೆಯಲ್ಲಿ ಮತ್ತೆ ಗೋಡೆ ನೋಡುತ್ತಾ ಕೂತಿದ್ದಾರೆ ಎಂದಳು ಬ್ಯಾಂಕಿನವಳು. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ರಾತ್ರಿ ಊಟ ಅರ್ಧಕ್ಕೇ ಬಿಡುತ್ತಾರೆ, ಕುತ್ತಿಗೆ ಹಿಡಿದುಕೊಂಡು ಹೊರಳಾಡುತ್ತಾರೆ. ನೋವಾ ಎಂದರೆ ಕೈ ಬೀಸಿಬಿಡುತ್ತಾರೆ. ಹುಬ್ಬಳ್ಳಿಯ ಡಾಕ್ಟರು ನೋವು ಹತ್ತರಲ್ಲಿ ಎಷ್ಟು ಎಂದು ಪ್ರತಿ ಸಲ ಕೇಳುತ್ತಾರೆ, ಅಲ್ಲೂ ಅದೇ ಕೈ ಬೀಸುವುದು. ರೋಗ ತಿರುಗಿ ಬಂದಿದ್ದರೆ ಬೇಗ ಗೊತ್ತಾಗಬೇಕು. ಅವರು ಬಾಯಿ ಬಿಡುವುದಿಲ್ಲ, ಇವಳಿಗೆ ಕೇಳುವ ದಾರಿ ಕಾಣುತ್ತಿಲ್ಲ.

ನನಗೆ ನಮ್ಮ ಮೇಲೇ ಸಿಟ್ಟು ಬಂತು. ದೊಡ್ಡ ವ್ಯಾಪಾರಿಯೊಬ್ಬನ ಕೈಗೆ ಚಿಲ್ಲರೆ ಹಾಕಿ ಕಳಿಸಿದ್ದೆವಲ್ಲ ಎಂದು. ಯಲ್ಲಾಪುರದವನಿಗೆ ಫೋನ್ ಮಾಡಿ, ಧ್ವನಿಮಂತ್ರಕ್ಕೆ ನಿಜವಾದ ಬೆಲೆ ಎಷ್ಟು ಎಂದು ಕೇಳಿದೆ. ನಿಜವಾಗಿ ನೋಡಿದರೆ ಒಂಬತ್ತು ಅಂದ. ಅಂದರೆ ನಮ್ಮ ಪಂಗಡದ ಗಂಟಿನಲ್ಲಿದ್ದ ಮಂತ್ರಗಳೆಲ್ಲ ಖಾಲಿ. ಆ ಬೆಲೆಗೇ ಪಟ್ಟು ಹಿಡಿದು ಕೂರು, ನಾನು ಮಧ್ಯಸ್ಥಿಕೆ ಮಾಡುತ್ತೇನೆ, ಅವರು ಎಷ್ಟು ಎಳೆದರೂ ದಯೆ ತೋರಿಸಬೇಡ ಎಂದೆ. ಇಬ್ಬರೂ ಬನವಾಸಿ ರಸ್ತೆಯ ಅವರ ಮನೆಗೆ ಹೋದೆವು.

ಅವರು ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತರು. ನಾನು ಅಂಗಡಿಯಿಂದ ತಂದಿದ್ದ ಲೈನಿಂಗ್ ಬಟ್ಟೆಯ ತುಂಡನ್ನು ಕೈ ಮೇಲೆ ಹಾಕಿಕೊಂಡು ಮುಂದೆ ಚಾಚಿದೆ. ಸುಮಾರು ಹೊತ್ತು ಹಾಗೇ ನಿಂತಿದ್ದೆ, ತೋಳು ನೋಯತೊಡಗಿತು. ಕೊನೆಗೆ ಕೈ ಕೊಟ್ಟರು. ಐದು ಬೆರಳು ಹಿಡಿದೆ, ಬಿಟ್ಟು ಮತ್ತೆ ನಾಲ್ಕು ಹಿಡಿದೆ. ಒಂಬತ್ತು ಎಂದು ತಿಳಿದದ್ದೇ ತಡ ಅವರ ಹುಬ್ಬು ಮೇಲೆ ಹೋಯಿತು. ಅಂಗೈಯನ್ನು ಎಷ್ಟು ಜೋರಾಗಿ ಗೀರಿದರು ಎಂದರೆ ಉರಿಯಿತು. ಆ ಉರಿಗೆ ನನಗಾದ ಸಂತೋಷ ಹೇಳತೀರದು.

ನಾನು ಅವರ ಬೆರಳಿನ ಮಾತನ್ನು ಯಲ್ಲಾಪುರದವನ ಕಿವಿಗೆ, ಅವನ ಮಾತನ್ನು ಅವರ ಬೆರಳಿಗೆ ಸಾಗಿಸಿದೆ. ನಡುವೆ ಒಮ್ಮೆ ಅವರು ಎದ್ದು ಹಿತ್ತಲಿಗೆ ಹೋದರು, ಯಲ್ಲಾಪುರದವನು ಒಮ್ಮೆ ಹೆಲ್ಮೆಟ್ ಹಾಕಿಕೊಂಡು ಹೊರಟೇಬಿಟ್ಟ. ಆರೂವರೆ ಮಂತ್ರಕ್ಕೆ ವ್ಯಾಪಾರ ಕುದುರಿತು. ಅರ್ಧ ಮಂತ್ರ ಎಂದರೇನು ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಆ ಅರ್ಧಕ್ಕಾಗಿಯೇ ಅವರು ಒಂದು ಗಂಟೆ ಹೊಡೆದಾಡಿದ್ದರು. ನನ್ನ ಇಡೀ ಕೈಯನ್ನು ಅದುಮಿದರು. ನಗುವಾಗ ಅವರ ಹೆಗಲು ಕುಲುಕುತ್ತದೆ, ಸದ್ದಿಲ್ಲ.

ಆ ಭಾನುವಾರ ಆಟಕ್ಕೆ ಬಂದರು. ಅವರ ಪಾತ್ರ ಧ್ವನಿಯಿಂದ ಏನು ಹೇಳುತ್ತದೋ ಎಂದು ನಾವು ಕಾದು ಕೂತೆವು. ಅವರು ಅದನ್ನು ಮಾರಾಟಕ್ಕೆ ಇಟ್ಟರು.

ಕಾನಸೂರಿನವನು ಹೌಹಾರಿದ. ಅವನ ಸೈನ್ಯಕ್ಕೆ ಶಾಪ ತಟ್ಟಿ ಕಹಳೆಗಳೆಲ್ಲ ಮೂಕವಾಗಿದ್ದವು, ಧ್ವನಿಮಂತ್ರ ಅವನಿಗೆ ಬೇಕೇ ಬೇಕು. ಬೆಲೆ ಕೇಳಿ ಎಂದು ನನಗೆ ಸನ್ನೆ ಮಾಡಿದ. ನಾನು ಕೈ ಚಾಚಿದರೆ ಅವರು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು. ಟವೆಲನ್ನು ಬಿಚ್ಚಿ ಮೇಜಿನ ನಡುವೆ ಅಗಲಕ್ಕೆ ಹಾಸಿದರು. ರಾಜನ ಕೈಯನ್ನು ತೋರಿಸಿದರು, ಕಥೆ ನಡೆಸುವವನ ಕೈಯನ್ನು ತೋರಿಸಿದರು, ಕೊನೆಗೆ ಅಣ್ಣನ ಮಗಳ ಕೈಯನ್ನು ತೋರಿಸಿ, ಟವೆಲಿನ ಮೇಲೆ ಬಡಿದರು.

ಮೊದಲು ಅರ್ಥವಾದದ್ದು ನನಗೆ. ಮಂತ್ರವರ್ತಕರು ವಿದ್ಯೆಯನ್ನೇ ಬೆಲೆಯಾಗಿ ಕೇಳುವವರಲ್ಲವೇ. ಈ ಮನುಷ್ಯ ಕೇಳುತ್ತಿದ್ದದ್ದು ಇಷ್ಟು: ನನ್ನ ಮಾತನ್ನು ನೀವೆಲ್ಲ ಕಲಿಯಬೇಕು. ಧ್ವನಿ ಅವರಿಗೆ ಬಂತು, ಅದನ್ನು ಕೊಟ್ಟು ಅವರು ಇದನ್ನು ಕೊಂಡರು. ನಾನು ಕಿಟಕಿ ಕಡೆ ತಿರುಗಿದೆ.

ಮಧ್ಯಾಹ್ನವಿಡೀ ಯಾರೂ ದಾಳ ಮುಟ್ಟಲಿಲ್ಲ. ಕಾನಸೂರಿನವನಿಗೆ ಕಲಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಮೂರು ಹಿಡಿಯಲು ಹೋಗಿ ಮಣಿಕಟ್ಟನ್ನೇ ಹಿಡಿಯುತ್ತಿದ್ದ. ಬ್ಯಾಂಕಿನವಳು ಮಾತ್ರ ಒಂದೇ ಸಲಕ್ಕೆ ಕಲಿತಳು. ಇಷ್ಟು ವರ್ಷ ನೋಡಿಯೇ ಅರ್ಧ ಕಲಿತಿದ್ದಳು ಎಂದು ಕಾಣುತ್ತದೆ. ಅವಳು ತಪ್ಪಿಲ್ಲದೆ ಒಂದೊಂದೇ ಹೇಳಿದಾಗ ಅವರು ನಮ್ಮೆಲ್ಲರ ಮುಖ ನೋಡಿದರು, ನಮ್ಮ ಹುಡುಗಿ ನೋಡಿ ಎನ್ನುವ ಹಾಗೆ.

ಪಾಠ ಮುಗಿದ ಮೇಲೂ ಅವಳು ಕೈ ತೆಗೆಯಲಿಲ್ಲ. ತಲೆ ತಗ್ಗಿಸಿ, ಕಾಕಾನಿಗೂ ಪಕ್ಕದಲ್ಲಿದ್ದ ನನಗೂ ಮಾತ್ರ ಕೇಳುವಂತೆ ಹೇಳಿದಳು:

“ಕಾಕಾ, ರಾತ್ರಿ ನೋವು ಎಷ್ಟಿರತೈತಿ?”

ಟವೆಲು ಅಲುಗಲಿಲ್ಲ. ಅವರು ಗೋಡೆಯ ಕಡೆ ನೋಡುತ್ತಿದ್ದರು. ಅವಳು ಕಾದಳು. ಆಮೇಲೆ ಬಟ್ಟೆಯ ಕೆಳಗೆ ಅವರ ಕೈ ಒಂದು ಸಲ ಸರಿಯಿತು, ಬಿಟ್ಟು, ಇನ್ನೊಂದು ಸಲ ಸರಿಯಿತು. ಎಷ್ಟು ಎಂದು ಅವಳು ಇವತ್ತಿಗೂ ನಮಗೆ ಹೇಳಿಲ್ಲ, ನಾವೂ ಕೇಳಿಲ್ಲ. ಮರುದಿನ ಬೆಳಿಗ್ಗೆ ಬ್ಯಾಂಕಿಗೆ ರಜೆ ಹಾಕಿ ಕಾಕಾನ ಜೊತೆ ಹುಬ್ಬಳ್ಳಿ ಬಸ್ಸಿನಲ್ಲಿ ಕೂತಿದ್ದಳು. ತಿಂಡಿಯ ಡಬ್ಬಿ ಕೊಡಲು ಹೋದ ನನಗೆ ಕಿಟಕಿಯಿಂದ ಕಂಡದ್ದು, ಇಬ್ಬರ ತೊಡೆಯ ಮೇಲೂ ಹರಡಿದ್ದ ಟವೆಲು, ಅದರ ಕೆಳಗೆ ಎಡೆಬಿಡದೆ ಅಲುಗುತ್ತಿದ್ದ ಕೈಗಳು.