ಘಾಟಿಯ ಬಸ್ಸು, ನನ್ನ ಅಂಗೈ

ಇವತ್ತು ಗುಂಡ್ಲುಪೇಟೆ ಹತ್ತಿರ ರಸ್ತೆ ಬದಿ ನಿಂತಿದ್ದ ಲಾರಿಯಿಂದ ಕಾದ ಬ್ರೇಕಿನ ಸುಟ್ಟ ವಾಸನೆ ಬಂತು. ಅದರ ಚಕ್ರದ ಪಕ್ಕ ನಿಂತು ಕಣ್ಣು ಮುಚ್ಚಿದೆ. ಒಳಗೆ ದಿಂಬಂ ಘಾಟಿ, ಬಿದಿರು ಮೆಳೆ, ಮಂಜು, ಅಪ್ಪನ ಖಾಕಿ ಅಂಗಿ.

ಅಪ್ಪ ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಬಸ್ಸು ಓಡಿಸುತ್ತಿದ್ದರು. ರಜೆಯಲ್ಲಿ ನಾನೂ ಹತ್ತುತ್ತಿದ್ದೆ. ಘಾಟಿ ಇಳಿಯುವಾಗ ನಡುವೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕು ಆರುವವರೆಗೆ ಕಾಯುವುದು ಅವರ ಪದ್ಧತಿ. ನೀರು ಸುರಿಯಲು ಬಿಡುತ್ತಿರಲಿಲ್ಲ, ಕಾದ ಕಬ್ಬಿಣ ಬಿರಿಯುತ್ತದೆ ಅನ್ನುತ್ತಿದ್ದರು. "ನನ್ನ ಕೈ ಜಡ್ಡುಗಟ್ಟೋಗ್ಯದೆ, ನೀ ನೋಡು ಕಣಮ್ಮಿ" ಎಂದು ನನ್ನ ಅಂಗೈಯನ್ನು ಚಕ್ರದಿಂದ ಗೇಣು ದೂರದಲ್ಲಿ ಹಿಡಿಸುತ್ತಿದ್ದರು. ನಾನು ತಣ್ಣಗಾಯ್ತು ಅಂದಮೇಲೇ ಬಸ್ಸು ಹೊರಡುತ್ತಿತ್ತು.

ಒಂದು ಸಲ, ಮದುವೆಗೆ ಹೊರಟಿದ್ದ ತೆರಕಣಾಂಬಿಯ ಸಾವುಕಾರರೊಬ್ಬರು ನನ್ನ ಕೈಗೆ ಕೊಬ್ಬರಿ ಮಿಠಾಯಿ ಇಟ್ಟು, "ತಣ್ಣಗಾಯ್ತು ಅಂದ್ಬುಡವ್ವ, ಮೂರ್ತ ಮೀರೋಯ್ತದೆ" ಅಂದರು. ಅಂದುಬಿಟ್ಟೆ.

ಅಪ್ಪ ನನ್ನ ಮುಖ ನೋಡಿದರು. ಬಯ್ಯಲಿಲ್ಲ. "ನಿಮ್ಮವ್ವ ಈ ಬಸ್ಸಲ್ಲಿ ಕೂತಿದ್ರೂ ಇಂಗೇ ಅಂತಿದ್ಯಾ?" ಅಂದರು, ಅಷ್ಟೇ.

ಮಿಠಾಯಿಯನ್ನು ಎಡಗೈಗೆ ದಾಟಿಸಿ ಬಲಗೈ ಚಾಚಿದೆ. "ಇನ್ನೂ ಸುಡ್ತದಪ್ಪ."

ಸಾವುಕಾರರು ನಿಟ್ಟುಸಿರು ಬಿಟ್ಟು ಮೋರಿ ಕಟ್ಟೆ ಮೇಲೆ ಕೂತರು. ಮಂಜಿನೊಳಗೆ ಎಲ್ಲೋ ಒಂದು ಹಕ್ಕಿ ಕೂಗುತ್ತಿತ್ತು. ಇಡೀ ಬಸ್ಸು ನನ್ನ ಅಂಗೈಗಾಗಿ ಕಾಯುತ್ತಿತ್ತು.

ಲಾರಿ ಡ್ರೈವರು ಹೊರಡಲು ಬಾಗಿಲು ತೆಗೆದ ಸದ್ದಿಗೆ ಕಣ್ಣು ಬಿಟ್ಟೆ. ನನ್ನ ಕೈ ತಾನಾಗಿಯೇ ಚಕ್ರದತ್ತ ಚಾಚಿತ್ತು.

"ಏನಜ್ಜಿ?" ಅಂದ.

"ಇನ್ನೂ ಸುಡ್ತದೆ ಕಣಪ್ಪ."

ಅವನು ಬಾಗಿಲು ಮುಚ್ಚಿ, ಬಂದು ನನ್ನ ಪಕ್ಕ ನಿಂತ.